ಎರಡು ಕಡೆ ಒತ್ತಿದ ಓಟು

ಊರಿನ ಪಂಚಾಯ್ತಿ ಎಲೆಕ್ಷನ್ನಿಗೆ ಜನರನ್ನು ಕರೆದೊಯ್ಯಲು ಸಿಟಿಯಲ್ಲಿ, ಮಹದೇವಪುರದ ನಮ್ಮ ವಠಾರದ ಮುಂದೆ ಎರಡು ವ್ಯಾನು ಬಂದು ನಿಂತವು. ಒಂದು ಕಾಕಾ ಕಳಿಸಿದ್ದು, ಅಂದರೆ ಅಪ್ಪನ ತಮ್ಮ. ಇನ್ನೊಂದು ಮಾವ ಕಳಿಸಿದ್ದು, ಅಂದರೆ ಅವ್ವನ ಅಣ್ಣ. ಇದ್ದದ್ದು ಒಂದೇ ಸೀಟು, ಇಬ್ಬರೂ ಅದಕ್ಕೇ ನಿಂತಿದ್ದರು. ಅವ್ವನಿಗೆ ತವರೂ ಗಂಡನ ಮನೆಯೂ ಒಂದೇ ಊರು, ಯಾದಗಿರಿ ಕಡೆ.

ಹಿಂದೆಲ್ಲ ಗೌಡರು ಯಾರಿಗೆ ಒತ್ತಿ ಅಂದರೆ ಅವರಿಗೇ ಊರು ಒತ್ತುತ್ತಿತ್ತು. ದೊಡ್ಡ ಗೌಡರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಆ ಗೊಡವೆ ಬೇಡವಾಯಿತು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಈ ಇಬ್ಬರಿಗೂ ಒಟ್ಟಿಗೇ ಲೀಡರಾಗುವ ಹುಚ್ಚು ಹತ್ತಿತು. ಇಬ್ಬರೂ ಬಿಳಿ ಅಂಗಿ ಹೊಲಿಸಿಕೊಂಡರು, ಅದೂ ಒಬ್ಬನೇ ಟೇಲರ್ ಹತ್ತಿರ.

ಯಾವ ವ್ಯಾನು ಹತ್ತಿದರೋ ಆ ಕಡೆಯ ಓಟು. ಬೂತಿನಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವುದೆಲ್ಲ ಶಾಸ್ತ್ರಕ್ಕೆ. ಅವ್ವ ಬ್ಯಾಗು ಹಿಡಿದು ಎರಡರ ನಡುವೆ ನಿಂತಳು. ಮಹಡಿಯಿಂದ ಓನರ್ ಆಂಟಿ, "ಏನಮ್ಮ, ಕೆಲಸಕ್ಕೆ ಹೋಗಲ್ವಾ ಇವತ್ತು?" ಅಂತ ಕೇಳಿದಳು. ಅಪ್ಪ ಕಾಕಾನ ವ್ಯಾನಿನೊಳಗಿಂದ ಕೈ ಹಿಡಿದು ಎಳೆದ. ಹತ್ತಿದಳು. ಹಿಂದೆಯೇ ನಾನೂ ಹತ್ತಿದೆ.

ಊರಲ್ಲಿ ಇಳಿಯುವಾಗ ಮಾವ ಶಾಲೆಯ ಕಾಂಪೌಂಡಿಗೆ ಒರಗಿ ನಿಂತಿದ್ದ. ವ್ಯಾನು ನೋಡಿದ, ತಂಗಿಯನ್ನು ನೋಡಿದ, ಮುಖ ತಿರುಗಿಸಿದ. ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಓಟು ಹಾಕಿ ಬರುವಾಗ ಅವಳ ಮುಖದಲ್ಲಿ ಗೆಲುವಿತ್ತು. ಯಾಕೆಂದು ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಮಾವ ಒಂದು ಓಟಿನಿಂದ ಸೋತ.

ಕಾಕಾ ಓನರ್ ಮನೆ ಫೋನಿಗೆ ಮಾಡಿ ಅತ್ತಿಗೆಯನ್ನು ಕರೆಸಿ, "ವೈನಿ, ನಿಮ್ಮ ಓಟೇ ನನ್ನ ಗೆಲ್ಲಿಸ್ತು ನೋಡ್ರಿ" ಅಂದ. ಅವ್ವ ಹೂಂ ಅಂದಳು. ಊರಲ್ಲೂ ಅವನು ಹಾಗೇ ಹೇಳಿಕೊಂಡು ತಿರುಗಿದನಂತೆ.

ಪ್ರತಿ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರುತ್ತಿದ್ದ ಮಾವ ಆ ವರ್ಷ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಎರಡು ವರ್ಷವೂ ಅವ್ವ ಬ್ಯಾಗು ತುಂಬಿಟ್ಟಳು, ಹಬ್ಬ ಮುಗಿದ ಮೇಲೆ ಬಿಚ್ಚಿದಳು. ನನಗೆ ದುಃಖವಾಗಬೇಕಿತ್ತು, ಆಗಲಿಲ್ಲ. ರಿಂಗ್ ರೋಡಿನ ಲಾರಿ ಸದ್ದಿನಂತೆ ಅದೂ ರೂಢಿಯಾಗಿ ಹೋಯಿತು.

ಮುಂದಿನ ಪಂಚಮಿ ಹತ್ತಿರ ಬಂದಾಗ ಅವ್ವ, ನಾನು ಇಬ್ಬರೂ ಎಳ್ಳುಂಡಿ ಕಟ್ಟುತ್ತಾ ಕೂತಿದ್ದೆವು. ತುಂಬಿದ ಬ್ಯಾಗು ಬಾಗಿಲ ಬಳಿ ಇತ್ತು. ಕೇಳಿಯೇಬಿಟ್ಟೆ.

"ಅವತ್ತು ಯಾರಿಗೆ ಹಾಕಿದಿ ಅವ್ವ?"

"ಇಬ್ಬರಿಗೂ."

"ಇಬ್ಬರಿಗೂ ಅಂದ್ರ?"

"ಅದರ ಹಿಂದಿನ ಸಲ ಎರಡು ಸೀಟ ಇದ್ದುವಲ್ಲ, ಎರಡು ಕಡಿ ಒತ್ತಿದ್ದೆ. ಅವತ್ತೂ ಹಂಗೇ ಒತ್ತಿದೆ. ಮೈದುನಗೊಂದು, ಅಣ್ಣಗೊಂದು. ಆದ್ರೂ ಅಣ್ಣ ಹೆಂಗ ಸೋತ ಅಂತ ನನಗಿನ್ನೂ ತಿಳಿದಿಲ್ಲ."

ಸೀಟು ಒಂದೇ ಇದ್ದಾಗ ಎರಡು ಕಡೆ ಒತ್ತಿದರೆ ಓಟು ಕೆಡುತ್ತದೆ, ಯಾರಿಗೂ ಸೇರುವುದಿಲ್ಲ ಅಂತ ಹೇಳಿದೆ. ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಅವ್ವನ ಕೈ ನಿಂತಿತು.

"ಮಾವಗ ಫೋನ್ ಮಾಡಿ ಹೇಳ್ಲಾ?" ಅಂದೆ.

"ಏನಂತ ಹೇಳ್ತಿ? ಹಾಕ್ಯಾಳ, ಆದ್ರ ಬಿದ್ದಿಲ್ಲ ಅಂತನಾ?"

ಕೈಯಲ್ಲಿದ್ದ ಉಂಡಿಯನ್ನು ಡಬ್ಬಿಗೆ ಹಾಕಿ ಎದ್ದಳು. ಬ್ಯಾಗು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹಾಕಿದಳು. ಹಬ್ಬ ಇನ್ನೂ ಬಂದಿರಲಿಲ್ಲ.