ಅಮಾವಾಸ್ಯೆಯ ಫೋಟೋದಲ್ಲಿ ನಿಂತವಳು

ಕಟಕ್. ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ಕಟಕ್. ತೂಬಗೆರೆ ಹತ್ತಿರದ ನಮ್ಮ ಹೊಲದ ಬದುವಿನ ಮೇಲೆ ತಮ್ಮನ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ನಕ್ಷತ್ರಗಳನ್ನು ಹಿಡಿಯುತ್ತಿದ್ದ ಸದ್ದು ಅದು. ನಾವಿಬ್ಬರೂ ಕಾರಿನಲ್ಲಿ ಕೂತಿದ್ದೆವು. ಪಕ್ಕದ ಹೊಲದವರು ಸೇವಂತಿಗೆ ಬೇಗ ಹೂ ಬಿಡದಿರಲೆಂದು ರಾತ್ರಿ ಬಲ್ಬು ಉರಿಸುತ್ತಾರೆ; ಬೇಡಿಕೊಂಡು ಎರಡು ಗಂಟೆ ಆರಿಸಿದ್ದೆವು. ಎಂಥ ಕತ್ತಲೆ!

ತಮ್ಮನ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಹೊಲದಲ್ಲೇ ಮಣ್ಣು ಮಾಡಿದ್ದೆವು. ಆಕಾಶದ ಫೋಟೋಗಳ ಇಂಟರ್‌ನ್ಯಾಷನಲ್ ಕಾಂಪಿಟಿಷನ್ನಿಗೆ ಇವನ ಹೆಸರು ಸೇರಿಸಿ ಹೋಗಿದ್ದವಳು ಅವಳೇ.

ಮರುದಿನ ಫ್ರೇಮುಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿದಾಗ ನಕ್ಷತ್ರಗಳು ಬಳೆಚೂರುಗಳಂತೆ ಬಾಗಿದ್ದವು. ಕೆಳಗೆ, ಸಮಾಧಿಯ ಪಕ್ಕ, ಒಬ್ಬ ಹೆಂಗಸು. ಎರಡು ಗಂಟೆ ಕಾಲ ಒಂದಿಷ್ಟೂ ಅಲುಗಾಡದೆ ನಿಂತಿದ್ದಳು.

"ಅವಳದೇ ಚೌಕಳಿ ಸೀರೆ ಕಣಕ್ಕ."

ಕಾನ್ವೆಂಟಿನ ಸಿಸ್ಟರುಗಳು ದೆವ್ವಗಳನ್ನು ನನ್ನ ತಲೆಯಿಂದ ಎಂದೋ ಓಡಿಸಿದ್ದರು. ಆದರೂ ಎದ್ದು ಲೈಟು ಹಾಕಿದೆ.

"ನಾನ್‌ಸೆನ್ಸ್. ಕ್ರಾಪ್ ಮಾಡಿ ಕಳ್ಸು."

"ಅವಳನ್ನ ಕತ್ತರಿಸ್ಲಾ?"

ನಾನೊಬ್ಬಳೇ ಪಕ್ಕದ ಹೊಲದಾಕೆಯ ಹತ್ತಿರ ಹೋಗಿ ಫೋಟೋ ತೋರಿಸಿದೆ. ಅವಳು ನಕ್ಕೇಬಿಟ್ಟಳು. "ಅಯ್ಯೋ, ಬೆದರುಗೊಂಬೆ ಕಣಮ್ಮೋ! ತಿಥಿ ಆದ್ಮೇಲೆ ನೀವೇ ಕೊಟ್ರಲ್ಲ ಸೀರೆ? ಸತ್ತೋರ ಸೀರೆ ನಾನ್ ಉಟ್ಕೊಂಡ್ರೆ ನಮ್ಮತ್ತೆ ಮನೆಯೊಳಕ್ ಬಿಟ್ಕೊತಾರಾ? ಹೂವಿಗೆ ದೃಷ್ಟಿ ಆಗ್ದಿರ್ಲಿ ಅಂತ ಬೊಂಬೆಗೆ ಉಡ್ಸಿ, ಸಮಾಧಿ ಪಕ್ಕದ ಬದುವಿನ್ ಮೇಲೆ ನಿಲ್ಸಿದ್ದೆ. ನೀವ್ ಬಂದೋದ್ ಮಾರನೇ ದಿನ ಗಾಳಿಗೆ ಬಿದ್ದೋಯ್ತು."

ತಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಫೋಟೋ ಕಳಿಸುತ್ತಿದ್ದ. ಆದರೆ ಅವನ ಹೆಂಡತಿ ಎರಡನೇ ಸಲ ಸಾಯುತ್ತಿದ್ದಳು. ಲಾಸ್ಟ್ ಡೇಟ್ ಕಳೆದೇ ಹೋಯಿತು, ಅವನು ಫೋಟೋ ಕಳಿಸಲಿಲ್ಲ.

ರಿಸಲ್ಟ್ ಬಂದಾಗ ಗೆದ್ದ ಫೋಟೋಗಳನ್ನು ತೋರಿಸಿದ. ಹಿಮದ ಗುಡ್ಡದ ಮೇಲೆ ಹಸಿರು ಬೆಳಕಿನ ಪರದೆ, ನಕ್ಷತ್ರಗಳ ನಡುವೆ ಕೆಂಡದ ಮೋಡದಂಥ ನೆಬ್ಯುಲಾ. ಅವನು ಆಕಾಶ ನೋಡುತ್ತಿರಲಿಲ್ಲ. ಪ್ರತಿ ಫೋಟೋದ ಕೆಳಗಿನ ಕಪ್ಪು ನೆಲವನ್ನು ದೊಡ್ಡದು ಮಾಡಿ ಹುಡುಕುತ್ತಿದ್ದ.

"ಇಲ್ಲಿ ಯಾರೋ ನಿಂತವ್ರೆ, ನೋಡಕ್ಕ."

ಬಂಡೆಯೊಂದೇ ಇತ್ತು. "ಹೂಂ" ಅಂದೆ. ಗಾಡ್ ಫರ್ಗಿವ್ ಮಿ.

ಹಾರ್ಟ್ ಅಟ್ಯಾಕಿನಲ್ಲಿ ಅವನು ತೀರಿಕೊಳ್ಳುವುದಕ್ಕೆ ಒಂದು ವಾರ ಮುಂಚೆ, ಅಮಾವಾಸ್ಯೆ ಸಂಜೆ, ಅವನನ್ನು ಹೊಲದ ಹತ್ತಿರ ಬಿಟ್ಟೆ. ಕ್ಯಾಮೆರಾ ತಂದಿರಲಿಲ್ಲ.

"ನೀನ್ ಹೊರಡಕ್ಕ. ಬೇರೆಯವ್ರಿದ್ರೆ ಅವಳು ಬರಲ್ಲ. ಬೆಳಿಗ್ಗೆ ಬಸ್ಸಲ್ಲಿ ನಮ್ಮನೆಗೆ ಹೋಗ್ತೀನಿ."

ಬೆದರುಗೊಂಬೆಯ ವಿಷಯ ಹೇಳಿಯೇಬಿಡೋಣ ಎಂದು ಕಾರಿನ ಗಾಜು ಇಳಿಸಿದೆ. ಅಷ್ಟರಲ್ಲಿ ಅವನು ಬದು ದಾಟಿ, ಸಮಾಧಿಯ ಪಕ್ಕ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ನಿಂತಿದ್ದ. ಹೆಡ್‌ಲೈಟ್ ಬೆನ್ನ ಮೇಲೆ ಬಿದ್ದರೂ ತಿರುಗಲಿಲ್ಲ. ಅವನು ಜೀವಂತ ಇದ್ದಾಗ ನಾನು ನೋಡಿದ್ದು ಅದೇ ಕೊನೆ.