ಹಗ್ಗ ಅಲುಗಿದರೆ ಎಳೆಯಬೇಕು

ಮಗಳನ್ನು ಆ ಕೆಲಸದಿಂದ ಬಿಡಿಸಿ ಮನೆಗೆ ಕರೆದುಕೊಂಡು ಬರಬೇಕೆಂದೇ ನಾನು ಅಂಡಮಾನಿಗೆ ಹೋದದ್ದು. ಅವಳಿಗೆ ಹಾಗೆಂದು ಹೇಳಿರಲಿಲ್ಲ. ಸಮುದ್ರ ನೋಡುವ ಆಸೆಯಾಗಿದೆ ಎಂದು ಫೋನಿನಲ್ಲಿ ಸುಳ್ಳು ಹೇಳಿದ್ದೆ. ಕೋಲಾರದ ಹುತ್ತೂರಿನ ಕಡೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಲೇ ತಲೆಗೂದಲು ನರೆಸಿಕೊಂಡವಳಿಗೆ ಇದ್ದಕ್ಕಿದ್ದಂತೆ ಸಮುದ್ರದ ಆಸೆ ಯಾಕೆ ಬಂತೆಂದು ಅವಳು ಕೇಳಲೇ ಇಲ್ಲ. "ಬಾಮ್ಮ, ಒಂದ್ಸಲ ಕಣ್ಣಾರೆ ನೋಡು. ಆಮೇಲೆ ಎಷ್ಟ್ ಬೇಕಾದ್ರೂ ಬೈಯಿ" ಎಂದಳು.

ಜನರನ್ನು ಸಮುದ್ರದೊಳಕ್ಕೆ ಇಳಿಸಿ, ಹವಳ, ಮೀನು ತೋರಿಸಿ, ಮತ್ತೆ ಮೇಲಕ್ಕೆ ಕರೆತರುವುದು ಅವಳ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಈ ವಿದ್ಯೆಯನ್ನು ಎಲ್ಲಿಯೋ ಹೋಟೆಲ್ ಕೆಲಸಕ್ಕೆ ಹೋಗಿದ್ದಾಗ ಕಲಿತು, ಹೋಟೆಲನ್ನು ಬಿಟ್ಟು ಇದನ್ನೇ ಹಿಡಿದಳು. ಅವಳಿರುವುದು ದೊಡ್ಡದೊಂದು ದೋಣಿಯಲ್ಲಿ. ಬಂದವರು ವಾರಗಟ್ಟಲೆ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಹೊತ್ತುಹೊತ್ತಿಗೆ ನೀರಿಗಿಳಿಯುತ್ತಾರೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಪ್ರವಾಸದಲ್ಲಿ ಒಂದು ಕೋಣೆ ಖಾಲಿ ಉಳಿದಿದ್ದರಿಂದ ತಾಯಿಯನ್ನು ಕರೆಸಿಕೊಳ್ಳಲು ಅವಳಿಗೆ ಒಪ್ಪಿಗೆ ಸಿಕ್ಕಿತ್ತು.

ನನ್ನ ಯಜಮಾನರು ಬರಲಿಲ್ಲ. ರೇಷ್ಮೆಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಹಗಲು ರಾತ್ರಿ ಎನ್ನದೆ ಮೇಯುತ್ತದೆ. "ಇವುನ್ನ ಬಿಟ್ಟು ನಾನೆಲ್ಲಿ ಬರ್ಲಿ? ನೀನೇ ಹೋಗಿ ಕರ್ಕೊಂಬಾ. ನನ್ನ ಮಾತೆಲ್ಲಿ ಕೇಳ್ತಾಳೆ ಅವ್ಳು" ಎಂದು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಬಿಟ್ಟು, ಹಿಂತಿರುಗಿಯೂ ನೋಡದೆ ಹೋದರು. ನನ್ನ ಮಾತನ್ನು ಅವಳು ಯಾವ ಕಾಲದಲ್ಲಿ ಕೇಳಿದ್ದಳೋ ಅವರಿಗೇ ಗೊತ್ತು.

ದೋಣಿ ಹತ್ತಿದ ಮೇಲೆ ನನಗೆ ಮೊದಲು ಬಂದದ್ದು ನಗು. ಬಂದಿದ್ದವರೆಲ್ಲ ದೊಡ್ಡ ಊರುಗಳ ಅನುಕೂಲಸ್ಥರು. ನೀರಿಗಿಳಿಯುವಾಗ ತೊಡುವ ಕರೀ ರಬ್ಬರ್ ಬಟ್ಟೆಯೊಳಗೆ ಮೈ ತೂರಿಸಲು ಒಬ್ಬರು ಹಿಡಿದು ಇನ್ನೊಬ್ಬರು ಎಳೆದು ಒದ್ದಾಡುತ್ತಿದ್ದರು. ಮದುವೆಯ ದಿನ ರವಿಕೆ ಬಿಗಿಯಾಗಿ ಹೋದ ಮದುಮಗಳ ಪಾಡು ಅದು. ನಾನು ಶ್ರೀನಿವಾಸಪುರದ ಮಾವಿನಕಾಯಿಯ ಉಪ್ಪಿನಕಾಯಿಯನ್ನೂ ಒಂದು ಡಬ್ಬಿ ರಾಗಿ ಹುರಿಹಿಟ್ಟನ್ನೂ ಒಯ್ದಿದ್ದೆ. ಉಪ್ಪಿನಕಾಯಿ ಮೊದಲನೇ ದಿನವೇ ಖಾಲಿಯಾಯಿತು. ಹುರಿಹಿಟ್ಟನ್ನು ಯಾರೂ ಮೂಸಿಯೂ ನೋಡಲಿಲ್ಲ.

ಅವರನ್ನೆಲ್ಲ ಕೂರಿಸಿಕೊಂಡು ಮಗಳು ಪಾಠ ಮಾಡಿದಳು. ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಮೇಲೆ ನನ್ನ ಪಕ್ಕ ಕುಳಿತು ಕನ್ನಡದಲ್ಲಿ ಹೇಳಿದಳು. "ಇಳಿಯೋದೇನ್ ಕಷ್ಟ ಅಲ್ಲಮ್ಮ, ಮೇಲ್ ಬರೋದೇ ಕಷ್ಟ. ನಿಧಾನಕ್ಕೆ ಬರ್ಬೇಕು, ಮಧ್ಯದಲ್ಲಿ ನಿಂತು ಬರ್ಬೇಕು. ಗಾಬರಿ ಬಿದ್ದು ದಡಕ್ಕಂತ ಮೇಲಕ್ಕೆದ್ರೆ ಎದೆಯೊಳಗಿನ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ." ನಾನು ತಲೆಯಾಡಿಸಿದೆ. ಕಿವಿಗೆ ಬಿದ್ದದ್ದು ಕೈಗೆ ಇಳಿದಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಅವಳು ಮೊದಲ ಸಲ ನನ್ನ ಕಣ್ಣೆದುರು ನೀರಿಗೆ ಹೆಜ್ಜೆ ಇಟ್ಟಾಗ ನಗು ಬತ್ತಿಹೋಯಿತು. ಗುಳ್ಳೆ ಎದ್ದವು. ಸ್ವಲ್ಪ ಹೊತ್ತಿಗೆ ಅವೂ ಅಲೆಯಲ್ಲಿ ಕಲೆತುಹೋದವು. ಅಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಗಂಜಿ ಕಾಯಿಸುತ್ತೇನೆ, ಹಣೆಗೆ ಬಟ್ಟೆ ಹಾಕುತ್ತೇನೆ, ಕೊನೆಗೆ ಬೈಯುತ್ತೇನಾದರೂ. ಇಲ್ಲಿ ಬೈದರೆ ಕೇಳಿಸಿಕೊಳ್ಳಲು ಅವಳ ಕಿವಿಯೂ ಮೇಲಿಲ್ಲ. ಮಡಿಸಿಟ್ಟ ಟವೆಲುಗಳನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಹೀಗೆ ಎರಡು ದಿನ ಕಳೆದ ಮೇಲೆ, ಮುಳುಗಿದವರನ್ನು ಎತ್ತಿಕೊಳ್ಳಲು ಹೋಗುವ ಚಿಕ್ಕ ರಬ್ಬರ್ ದೋಣಿಯಲ್ಲಿ ನನ್ನನ್ನೂ ಕೂರಿಸುವಂತೆ ಮಗಳನ್ನು ಕಾಡಿದೆ. ಅದನ್ನು ನಡೆಸುವವನು ಒಳ್ಳೆಯ ಮನುಷ್ಯ. ಕೋಲಾರದ ಸಾಬರ ಅಂಗಡಿಗಳಲ್ಲಿ ಕಲಿತ ನನ್ನ ಹಿಂದಿ ಕೇಳಿದರೆ ಅವನಿಗೆ ಎಲ್ಲಿಲ್ಲದ ಖುಷಿ. ಚಹಾ ಬೇಡವೆನ್ನಲು ನಾನು "ನಕ್ಕೋ" ಎಂದದ್ದನ್ನು ಹಿಡಿದುಕೊಂಡು, ನಾನು ಕಂಡಾಗಲೆಲ್ಲ "ನಕ್ಕೋ ಅಮ್ಮಾ" ಎಂದು ರೇಗಿಸುತ್ತಿದ್ದ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ನನ್ನ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಆಗ ಇನ್ನೂ ತೆರೆದ ಬಾವಿಗಳಲ್ಲಿ ನೀರಿತ್ತು. ಪಂಪಿನ ಕೊಳವೆಗೆ ಕಸ ಕಟ್ಟಿದರೆ ಇಳಿದು ಬಿಡಿಸುವ ಕೆಲಸ ಅಪ್ಪನದು. ಸೊಂಟಕ್ಕೆ ಹಗ್ಗ ಬಿಗಿದು ಅಪ್ಪ ಇಳಿಯುತ್ತಿದ್ದರು. ರಾಟೆಯ ಮೇಲೆ ಹಾಯ್ದು ಬಂದ ಹಗ್ಗದ ಇನ್ನೊಂದು ತುದಿ ಹುಣಿಸೆಮರಕ್ಕೆ ಕಟ್ಟಿರುತ್ತಿತ್ತು, ನಡುವೆ ಅದನ್ನು ಹಿಡಿದು ನಾನು ಮತ್ತು ಅಮ್ಮ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹಗ್ಗ ಹಿರಿಮಗಳ ಕೈಗೆ ಬಂದಿತ್ತು. ಅಪ್ಪ ಹೇಳಿಕೊಟ್ಟದ್ದು ಒಂದೇ ಮಾತು. "ಹಗ್ಗ ಅಲುಗಿದ್ರೆ ಯಾಕೆ ಅಂತ ಕೇಳ್ಬೇಡಮ್ಮಾ. ಲಾಗು." ಕೆಲಸದ ಹೊತ್ತಿನಲ್ಲಿ ಅವರಿಗೆ ತೆಲುಗೇ ಬಾಯಿಗೆ ಬರುತ್ತಿತ್ತು. ಲಾಗು ಎಂದರೆ ಎಳೆ.

ಒಂದು ಬೇಸಗೆಯಲ್ಲಿ ಹಗ್ಗ ಅಲುಗಿತು. ಕೂಗು ಇರಲಿಲ್ಲ, ಬರೀ ಅಲುಗಾಟ. ನಾನೂ ಅಮ್ಮನೂ ಅಂಗೈ ಸುಲಿದುಹೋಗುವಂತೆ ಎಳೆದೆವು. ಮೇಲೆ ಬಂದ ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಾವಿಯೊಳಗೆ ಕೆಟ್ಟ ಗಾಳಿ ತುಂಬಿತ್ತು. ಯಾಕೆ ಎಂದು ಕೇಳುತ್ತ ನಿಂತಿದ್ದರೆ ಅಪ್ಪ ಉಳಿಯುತ್ತಿರಲಿಲ್ಲ. ಈ ಕತೆಯನ್ನು ನನ್ನ ಮಗಳಿಗೆ ಉಣಿಸುವಾಗ, ಮಲಗಿಸುವಾಗ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಜೀವನದಲ್ಲಿ ಜಂಬಪಡಲು ನನಗಿರುವುದು ಅದೊಂದೇ.

ನಾನು ಚಿಕ್ಕ ದೋಣಿ ಹತ್ತಿದ ದಿನ ಸಮುದ್ರದಲ್ಲಿ ಸೆಳೆತ ಹೆಚ್ಚಿತ್ತು. ನೀರಿನೊಳಗಿರುವವರು ತಾವು ಎಲ್ಲಿದ್ದೇವೆಂದು ತಿಳಿಸಲು ಕಿತ್ತಳೆ ಬಣ್ಣದ ಉದ್ದನೆಯ ಬಲೂನೊಂದನ್ನು ಮೇಲಕ್ಕೆ ಬಿಡುತ್ತಾರೆ. ಅದರ ತೆಳ್ಳನೆಯ ಹಗ್ಗ ಸುತ್ತಿದ ಉರುಳೆ ಆಳದಲ್ಲಿ ಮಗಳ ಕೈಯಲ್ಲಿರುತ್ತದೆ. ಬಲೂನು ಮೇಲೆದ್ದಿತು. ಅದರ ಗುರುತು ಹಿಡಿದು ನಮ್ಮ ಚಿಕ್ಕ ದೋಣಿ ಹತ್ತಿರ ಹೋಯಿತು. ದೋಣಿಯವನು ಇಂಜಿನ್ನಿನ ಕಡೆ ತಿರುಗಿದ್ದ. ನಾನು ಬಗ್ಗಿ ನೋಡಿದೆ.

ಹಗ್ಗ ಅಲುಗುತ್ತಿತ್ತು.

ಆಮೇಲೆ ನಾನು ಯೋಚಿಸಿದ್ದು ಏನೂ ಇಲ್ಲ. ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆದೆ. ಕೆಳಗೆ ಭಾರವಿತ್ತು, ಜೀವದ ಭಾರ. ಅಂಗೈಗೆ ಅದರ ನೆನಪಿತ್ತು. "ನಕ್ಕೋ ಅಮ್ಮಾ! ನಕ್ಕೋ!" ಎಂದು ದೋಣಿಯವನು ಅರಚಿಕೊಂಡ. ರೇಗಿಸುತ್ತಿದ್ದಾನೆಂದು ನನಗೆ ಅನ್ನಿಸಲಿಲ್ಲ, ಆದರೂ ಕೈ ನಿಲ್ಲಲಿಲ್ಲ. ಅವನು ಹಾರಿ ಬಂದು ನನ್ನ ತೋಳು ಹಿಡಿಯುವಷ್ಟರಲ್ಲಿ ಹಗ್ಗ ಹಗುರವಾಯಿತು. ಸರಸರನೆ ಬಂತು. ತುದಿಯಲ್ಲಿ ಖಾಲಿ ಉರುಳೆ.

ಬಾವಿಯ ಮೇಲೆ ಖಾಲಿ ಹಗ್ಗ ಬಂದರೆ ಅದಕ್ಕೆ ಒಂದೇ ಅರ್ಥ. ಅವಳು ಕಲಿಸಿದ ಪಾಠವೂ ಆಗಲೇ ನೆನಪಿಗೆ ಬಂತು, ದಡಕ್ಕಂತ ಮೇಲಕ್ಕೆದ್ದರೆ ಎನ್ನುವ ಮಾತು. ಅದಕ್ಕಿಂತ ಕೇಡಿನದು ಇನ್ನೊಂದಿತ್ತು. ಬಲೂನು ಈಗ ನನ್ನ ತೊಡೆಯ ಮೇಲಿತ್ತು. ಅವರು ಎಲ್ಲಿದ್ದಾರೆಂದು ಹೇಳಲು ನೀರಿನ ಮೇಲೆ ಏನೂ ಉಳಿದಿರಲಿಲ್ಲ. ದೋಣಿಯವನು ಎದ್ದು ನಿಂತು ಕಣ್ಣಿಗೆ ಕೈ ಮರೆಮಾಡಿ ಸುತ್ತ ನೋಡಿದ. ನೋಡುತ್ತಲೇ ಇದ್ದ. ನಾನು ನೆನೆಯದ ದೇವರಿಲ್ಲ. ಊರಲ್ಲಾಗಿದ್ದರೆ ಓಡಿಹೋಗಿ ಯಾರನ್ನಾದರೂ ಕೂಗುತ್ತಿದ್ದೆ. ಸಮುದ್ರದ ನಡುವೆ ಓಡುವುದೆಲ್ಲಿಗೆ? ಅಷ್ಟೊಂದು ನೀರು, ಅದರಲ್ಲಿ ನನ್ನ ಮಗಳು, ನನ್ನ ಕೈಯಲ್ಲಿ ಅವಳ ಹಗ್ಗ.

ಸೀಟಿಯ ಸದ್ದು ಬಂದದ್ದು ನಾವು ನೋಡುತ್ತಿದ್ದ ದಿಕ್ಕಿನಿಂದಲ್ಲ, ಬೆನ್ನ ಹಿಂದಿನಿಂದ, ಬಹಳ ದೂರದಿಂದ. ತಲೆಗಳು ಒಂದೊಂದಾಗಿ ಕಂಡವು. ಎಲ್ಲರನ್ನೂ ದೋಣಿಗೆ ಹತ್ತಿಸಿ, ಕೊನೆಗೆ ಅವಳು ಹತ್ತಿದಳು. ಕಣ್ಣು ಮೂಗು ಮುಚ್ಚುವ ಕನ್ನಡಕ ತೆಗೆದಾಗ ಮೂಗಿನ ಕೆಳಗೆ ರಕ್ತವಿತ್ತು.

"ಯಾರು ಎಳ್ದಿದ್ದು?" ಎಂದು ಹಿಂದಿಯಲ್ಲಿ ಕೇಳಿದಳು. ದೋಣಿಯವನು ಸಮುದ್ರದ ಕಡೆ ನೋಡಿದ.

"ನಾನೇ ಕಣೇ" ಎಂದೆ. "ಅಲುಗ್ತಾ ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಒಣಗಿದ ಬಟ್ಟೆ ಹಾಕಿಕೊಂಡು ಬಂದು ದೊಡ್ಡ ದೋಣಿಯ ಹಿಂಭಾಗದಲ್ಲಿ ನನ್ನ ಪಕ್ಕ ಕುಳಿತಳು. ನನ್ನ ಡಬ್ಬಿಯ ಹುರಿಹಿಟ್ಟನ್ನು ಹಾಲಿಗೆ ಕಲಸಿಕೊಂಡು ತಂದಿದ್ದಳು.

"ಅಲೆಗೆ ಅಲುಗುತ್ತಮ್ಮ ಅದು. ಯಾವಾಗ್ಲೂ ಅಲುಗ್ತಾನೇ ಇರುತ್ತೆ" ಎಂದಳು. "ತಾತನ ಬಾವೀಲಿ ಒಳ್ಳೇ ಗಾಳಿ ಮೇಲಿತ್ತು. ನನ್ನ ಗಾಳಿ ನನ್ನ ಬೆನ್ನ ಮೇಲೇ ಇದೆ."

"ರಕ್ತ ಬಂತಲ್ಲೇ."

"ಮೂಗಿಂದು. ಏನಾಗಲ್ಲ. ಉರುಳೆ ಬೇಗ ಬಿಟ್ಟೆ ಅದಕ್ಕೆ. ಇನ್ನೊಂಚೂರು ಹಿಡ್ಕೊಂಡಿದ್ದಿದ್ರೆ ನೀನು ಮೇಲಕ್ಕೆ ತಂದೇ ಬಿಡ್ತಿದ್ದೆ."

ಆಮೇಲೆ ಲೋಟದ ತಳ ಬೆರಳಲ್ಲಿ ಬಳಿಯುತ್ತ ಹೇಳಿದಳು, "ಎಳೆತ ನೋಡಿದ್ ತಕ್ಷಣ ಗೊತ್ತಾಯ್ತು, ಇದು ನೀನೇ ಅಂತ. ನೀನು ಬಿಡಲ್ಲ ಅಂತ ಗೊತ್ತಾಗೇ ನಾನು ಬಿಟ್ಟೆ ಕಣಮ್ಮ."

ನನಗೆ ಅಳು ಬಂತು. ಅವಳ ಎದುರೇ ಅತ್ತೆ. ಅವಳು ನನ್ನ ಬೆನ್ನು ಸವರಿದಳು. ಮನೆಗೆ ಬಂದುಬಿಡು ಎನ್ನುವ ಮಾತನ್ನು ಹುತ್ತೂರಿನಿಂದ ಅಷ್ಟು ದೂರ ಹೊತ್ತುಕೊಂಡು ಹೋಗಿದ್ದೆ. ಅದನ್ನು ಆಡಲೇ ಇಲ್ಲ. ಯಜಮಾನರು ಈಗಲೂ ಅದಕ್ಕೆ ನನ್ನನ್ನು ಹಂಗಿಸುತ್ತಾರೆ.

ಒಂದು ದಿನ ಸುಧಾರಿಸಿಕೊಂಡು ಮಾರನೆಯ ದಿನ ಅವಳು ಮತ್ತೆ ಇಳಿದಳು. ಚಿಕ್ಕ ದೋಣಿಗೆ ನಾನು ಬರುವುದಿಲ್ಲವೆಂದೆ. ಅವಳೇ ಕೈಹಿಡಿದು ಹತ್ತಿಸಿ ಮುಂದಿನ ಹಲಗೆಯ ಮೇಲೆ ಕೂರಿಸಿದಳು. ದೋಣಿಯವನು ಈ ಸಲ ರೇಗಿಸಲಿಲ್ಲ, ಆದರೆ ನನ್ನ ಮೇಲಿಂದ ಕಣ್ಣು ತೆಗೆಯಲೂ ಇಲ್ಲ. ಬಹಳ ಹೊತ್ತಿನ ಮೇಲೆ ಕಿತ್ತಳೆ ಬಲೂನು ಮೇಲೆದ್ದು ಬಂತು, ನನ್ನ ಕೈಗೆ ಸಿಗುವಷ್ಟು ಹತ್ತಿರಕ್ಕೆ. ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತೆ.

ಹಗ್ಗ ಅಲುಗುತ್ತಲೇ ಇತ್ತು.