ಬೇಡವೆಂದು ಹೇಳಬಲ್ಲ ಎಂಜಿನಿಯರ್

“ಮನೆ ನೋಡೋಕೆ ಯಾರನ್ನ ಕರ್ಕೊಂಡ್ ಹೋಗ್ತಿದ್ದೀರಾ?” ಎಂದು ಸಿದ್ಧಾರ್ಥನಗರದ ನಮ್ಮ ಬಾಡಿಗೆ ಮನೆಯ ಒಡತಿ ಸರೋಜಮ್ಮ ಕೇಳಿದಾಗ, “ನಾವಿಬ್ಬರೇ, ಗಂಡ ಹೆಂಡತಿ” ಎಂದೆ. ಅವರು ಮೊರದ ಅವರೆಕಾಳಿನಿಂದ ತಲೆಯೆತ್ತಿ ನೋಡಿದರು. “ಅಯ್ಯೋ, ನಿಮಗೇನ್ ಗೊತ್ತಾಗುತ್ತೆ ಕಣಮ್ಮ? ಫೀಸ್ ಕೊಟ್ಟು ಎಂಜಿನಿಯರ್‌ಗೆ ತೋರಿಸಿ.”

ಕಲಬುರಗಿಯಿಂದ ಬಂದ ನನಗೆ ಇದು ಕೇಳಿರದ ಮಾತು. ನಮ್ಮ ಕಡೆ ಮನೆ ಕೊಳ್ಳುವಾಗ ಸೋದರಮಾವ ಬರುತ್ತಾನೆ. ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ, ನೆಲಕ್ಕೆ ಒಂದು ತಂಬಿಗೆ ನೀರು ಸುರಿದು ಎತ್ತ ಹರಿಯುತ್ತದೆ ನೋಡುತ್ತಾನೆ, ಚಹಾ ಕುಡಿದು ತೀರ್ಪು ಹೇಳುತ್ತಾನೆ. ನಮ್ಮ ಕಲ್ಲಿನ ಮನೆಗಳಿಗೆ ಅಷ್ಟು ಸಾಕು. ಬಿರುಕಿದ್ದರೆ ಬಾಗಿಲಲ್ಲೇ ಕಾಣುತ್ತದೆ. ಇಲ್ಲಿ ಎಲ್ಲವೂ ಪುಟ್ಟಿ, ಬಣ್ಣದ ಹಿಂದೆ. ಮೈಸೂರಿಗೆ ಬಂದು ನಾಲ್ಕು ವರ್ಷವಾದರೂ ಕರೆದರೆ ಬರುವ ಮಾವನೊಬ್ಬ ನಮಗಿರಲಿಲ್ಲ.

ಹಿನಕಲ್‌ನ ಮನೆಯೊಂದು ಆಗಲೇ ನನ್ನ ಮನಸ್ಸಿಗೆ ಹತ್ತಿತ್ತು. ಅಡುಗೆಮನೆಯಲ್ಲಿ ನೆಲಕ್ಕೆ ಕೂತು ರೊಟ್ಟಿ ಬಡಿಯುವಷ್ಟು ಜಾಗ. ಇಲ್ಲಿ ನಿಂತು ಬೇಯಿಸುವ ಅಡುಗೆಮನೆಗಳಲ್ಲಿ ನನಗೆ ರೊಟ್ಟಿ ಒಂದೂ ನೆಟ್ಟಗೆ ಬಂದಿರಲಿಲ್ಲ. ಮನೆಯ ಯಜಮಾನರು ಶಿವಣ್ಣ, ಉದಯಗಿರಿಯಲ್ಲಿ ಗ್ಯಾರೇಜು ಇಟ್ಟವರು. ಗ್ಯಾರೇಜಿನ ಹತ್ತಿರವೇ ಇರಬೇಕೆಂದು ಮನೆ ಮಾರುತ್ತಿದ್ದರು.

ಎಂಜಿನಿಯರ್ ಬೇಕೆಂದಾಗ ಆ ಮನೆ ತೋರಿಸಿದ್ದ ಬ್ರೋಕರ್, “ನಾನೇ ಕಳಿಸ್ತೀನಿ ಬುಡಿ ಮೇಡಂ” ಎಂದ. ಅವನು ಕಳಿಸಿದಾತ ಕೈಬೀಸಿಕೊಂಡು ಬಂದು, ಹಜಾರದಲ್ಲಿ ಒಂದು ಸುತ್ತು ಹಾಕಿ, “ಫಸ್ಟ್ ಕ್ಲಾಸ್ ಮನೆ” ಎಂದು ಹೊರಟ. ಏನು ಪರೀಕ್ಷಿಸಿದಿರಿ ಎಂದರೆ ನಕ್ಕ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರಕ್ತ ತೆಗೆಯದೆ ಬರೆದ ರಿಪೋರ್ಟು ಎಂಥದೆಂದು ನನಗೆ ಗೊತ್ತು.

ಆಮೇಲೆ ನಾನೇ ಒಬ್ಬೊಬ್ಬ ಎಂಜಿನಿಯರಿಗೂ ಫೋನು ಹಚ್ಚಿದೆ. ಓದು, ಅನುಭವ, ಮನೆ ಕಟ್ಟಿಸಿದವರ ಪರಿಚಯ ಇದೆಯೋ, ವರದಿ ಬರೆದು ಕೊಡುತ್ತಾರೋ, ಎಲ್ಲವನ್ನೂ ವಿಚಾರಿಸಿ ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದೆ: “ಇತ್ತೀಚೆಗೆ ಯಾವ ಮನೆ ಬೇಡ ಅಂತ ಹೇಳಿದಿರಿ?” ಒಬ್ಬರು ಸಿಟ್ಟಾದರು. ಇನ್ನೊಬ್ಬರಿಗೆ ನೆನಪಾಗಲಿಲ್ಲ. ಗೌತಮಿ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ, “ಹೋದ ತಿಂಗಳು ನಮ್ ಚಿಕ್ಕಪ್ಪನಿಗೇ ಹೇಳ್ದೆ. ಇನ್ನೂ ಮಾತು ಬಿಟ್ಟಿದ್ದಾರೆ. ಮೋಲ್ಡು ನೋಡದೆ ನಾನು ಏನೂ ಹೇಳಲ್ಲ ಕಣ್ರೀ” ಎಂದರು. ಮೋಲ್ಡು ಎಂದರೆ ಕಾಂಕ್ರೀಟ್ ಚಾವಣಿ, ನಮ್ಮ ಕಡೆ ಛತ್ತು ಅನ್ನುತ್ತೇವಲ್ಲ, ಅದು. ಅವರನ್ನೇ ಕರೆದೆ.

ಗೌತಮಿ ಇಡೀ ಬೆಳಗ್ಗೆ ತೆಗೆದುಕೊಂಡರು. ನಲ್ಲಿ ತಿರುಗಿಸಿದರು, ಸ್ವಿಚ್ ಬೋರ್ಡು ಬಿಚ್ಚಿದರು, ಪುಟ್ಟ ಸುತ್ತಿಗೆಯಿಂದ ನೆಲದ ಟೈಲ್ಸ್ ಒಂದೊಂದನ್ನೂ ತಟ್ಟಿದರು. ನಡುಕೋಣೆಗೆ ಬಂದವರು ಏಣಿ ತರಿಸಿ, ಮೋಲ್ಡಿಗೆ ಎರಡು ಬೆರಳು ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ದಾರ ಬಿಗಿದರು. ನಡುವೆ ದಾರ ಮೋಲ್ಡಿಗೇ ತಾಗಿತು.

“ಮೇಲೇನಿದೆ ಯಜಮಾನ್ರೇ?”

“ರೂಮು, ನೀರಿನ ಟ್ಯಾಂಕು. ಆಮೇಲ್ ಕಟ್ಟಿಸಿದ್ದು.”

“ಆ ರೂಮಿನ ಗೋಡೆ ಕೆಳಗೆ ತೊಲೆ ಕೊಟ್ಟಿಲ್ಲ. ಭಾರಕ್ಕೆ ಮೋಲ್ಡು ಜಗ್ಗಿದೆ.”

ಶಿವಣ್ಣನವರ ಮುಖ ಕೆಂಪಾಯಿತು. ಅವರು ತಿರುಗಿದ್ದು ನನ್ನ ಕಡೆ. “ಎಲ್ಲಿಂದ್ಲೋ ಬಂದ್ಬುಟ್ಟು ನಮ್ಮನೆ ಬೀಳುತ್ತೆ ಅಂತೀರಾ? ರೇಟ್ ಇಳಿಸೋಕೆ ಇದೊಂದು ಆಟ!”

ನಾನು ತಲೆ ತಗ್ಗಿಸಿದೆ. ಗೌತಮಿ ದನಿ ಏರಿಸಲಿಲ್ಲ. “ಇವರು ಕೊಳ್ಳಲಿ, ಬಿಡಲಿ. ಈ ಕೋಣೆಲಿ ಯಾರು ಮಲಗ್ತಾರೆ?”

ಬಾಣಂತನಕ್ಕೆ ಬಂದಿದ್ದ ಶಿವಣ್ಣನವರ ಮಗಳು, ಮಗುವನ್ನು ಎದೆಗವಚಿಕೊಂಡು ಮಂಚದ ಮೇಲಿಂದ ಎದ್ದು ನಿಂತಿದ್ದಳು. ಶಿವಣ್ಣ ಅವಳನ್ನೊಮ್ಮೆ, ದಾರವನ್ನೊಮ್ಮೆ ನೋಡಿದರು. ಆಮೇಲೆ ತಾವೇ ಏಣಿ ಹತ್ತಿ ದಾರಕ್ಕೆ ಬೆರಳಿಟ್ಟರು. ಇಳಿದವರು ಸದ್ದಿಲ್ಲದೆ ತೊಟ್ಟಿಲು ಎತ್ತಿ ಹಜಾರಕ್ಕೆ ಸಾಗಿಸಿದರು. ಹೋಗಿಬರುತ್ತೇವೆಂದೂ ಹೇಳದೆ ನಾವು ಹೊರಬಂದೆವು.

ಆ ವಾರವೆಲ್ಲ “ಎಲ್ಲಿಂದ್ಲೋ ಬಂದ್ಬುಟ್ಟು” ಎಂಬ ಮಾತು ಕಿವಿಯಲ್ಲೇ ಇತ್ತು. ಮನೆಯೂ ಹೋಯಿತು, ಮರ್ಯಾದೆಯೂ ಹೋಯಿತು ಅನ್ನಿಸಿ, ಊರಿಗೆ ಮರಳೋಣವೆಂದು ಗಂಡನಿಗೆ ಹೇಳಿಯೂಬಿಟ್ಟೆ.

ತಿಂಗಳ ನಂತರ ಶಿವಣ್ಣನವರ ಫೋನು. ಟ್ಯಾಂಕು ಇಳಿಸಿ, ಮೇಲಿನ ರೂಮು ಒಡೆಸಿ, ಗೌತಮಿಯವರಿಂದಲೇ ಮೋಲ್ಡಿಗೆ ಆಸರೆ ಕೊಡಿಸುತ್ತಿದ್ದರು. “ಗಾಡಿ ಸದ್ದು ಕೇಳೇ ಕಾಯಿಲೆ ಹೇಳೋನು ನಾನು. ನನ್ ಮನೇದು ಕೇಳಿಸ್ಲಿಲ್ಲ ನೋಡಿ. ಬೇಜಾರ್ ಮಾಡ್ಕೋಬೇಡಿ ತಾಯಿ. ನಮ್ ಹಿಂದಿನ ಬೀದೀಲಿ ಒಂದು ಮನೆ ಐತೆ, ಚಿಕ್ಕದು. ಆ ಮೇಡಂಗೇ ತೋರ್ಸಿ.”

ತೋರಿಸಿದೆವು. ಗೌತಮಿ ಬಚ್ಚಲಿನ ಸೋರಿಕೆ, ಹಳೆಯ ವೈರಿಂಗು, ಗೆದ್ದಲು ಹತ್ತಿದ ಒಂದು ಕಿಟಕಿ ಬರೆದುಕೊಟ್ಟು, “ಇವೆಲ್ಲ ರಿಪೇರಿ ಆಗ್ತವೆ. ತಗೊಳ್ಳಿ” ಎಂದರು. ಕೊಂಡೆವು. ಅಡುಗೆಮನೆ ಇಕ್ಕಟ್ಟು, ರೊಟ್ಟಿ ಬಡಿಯಲು ಹಿತ್ತಿಲಲ್ಲಿ ಜಾಗ ಮಾಡಿಕೊಂಡೆ.

ಗೃಹಪ್ರವೇಶದ ದಿನ ರಜೆ ಸಿಗದೆ ಕಲಬುರಗಿಯಲ್ಲೇ ಉಳಿದ ತಮ್ಮ ವಿಡಿಯೋ ಕಾಲ್ ಮಾಡಿದ. “ಅಕ್ಕಾ, ಮನಿ ಗಟ್ಟಿ ಅದ ಏನು?”

“ಗಟ್ಟಿಯಾಗೈತೆ ಕಣೋ, ಮೋಲ್ಡೆಲ್ಲ ನೋಡಿಸ್ಬುಟ್ಟಿದ್ದೀವಿ” ಎಂದೆ.

“ಪೂರಾ ಮೈಸೂರಾಕಿನೇ ಆಗೀದಿ ನೋಡು” ಎಂದ. ನಗಲಿಲ್ಲ.

ಅಷ್ಟರಲ್ಲಿ ಬೀದಿಯವರೊಬ್ಬರು ಒಳಗೆ ಬಂದರು. ಬಾಗಿಲಲ್ಲಿ ನಿಂತಿದ್ದ ಶಿವಣ್ಣ ಅಕ್ಕರೆಯಿಂದಲೇ ನನ್ನ ಪರಿಚಯ ಹೇಳಿದರು: “ಇವ್ರು ಇಲ್ಲಿಯವರಲ್ಲ ಕಣಯ್ಯ, ಗುಲ್ಬರ್ಗಾದೋರು.”

ಫೋನಿನಲ್ಲಿ ತಮ್ಮ ಇನ್ನೂ ಕಾಯುತ್ತಿದ್ದ. ಅವನಿಗೆ ಯಾವ ಊರಿನ ಮಾತಿನಲ್ಲಿ ಉತ್ತರಿಸಲೆಂದು ತಿಳಿಯದೆ, ಫೋನನ್ನು ಮೇಲಕ್ಕೆತ್ತಿ ಮನೆ ತೋರಿಸಿದೆ.